ತಾಲಿನ್ನಿನಲ್ಲಿ ನಾವು ತಿಂದ ಸಮುದ್ರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರನ್ನು ಬೈಯುವಾಗ ಬಾಯಿ ಹಗುರವಾಗಿರುತ್ತದೆ.

ನನಗೆ ಭೂಗೋಳ ಕಲಿಸಿದ ಮಿಸ್ಸು ಬಾಲ್ಟಿಕ್ ಸಮುದ್ರದ ನೀರನ್ನು ಒಂದೇ ಒಂದು ಹನಿ ನಾಲಗೆಗೆ ಹಚ್ಚಿಕೊಳ್ಳಬೇಕೆಂದು ರಾಜಾಜಿನಗರದಿಂದ ತಾಲಿನ್ ಎಂಬ ಊರಿನವರೆಗೆ ಬಂದಿದ್ದರು. ಅವರಿಗೂ ಆ ನೀರಿಗೂ ನಡುವೆ ಉಳಿದಿದ್ದದ್ದು ಇಪ್ಪತ್ತು ನಿಮಿಷದ ಬಸ್ಸಿನ ದಾರಿ. ಕೈಯಲ್ಲಿದ್ದದ್ದು ಮೂರರಿಂದ ಐದರವರೆಗೆ, ಎರಡು ಗಂಟೆಯ ಹೊತ್ತು. ಅದರಲ್ಲಿ ಮೊದಲ ಗಂಟೆಯನ್ನು ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿಗಳು ತಿಂದರು. ಎರಡನೆಯದರಲ್ಲಿ ಮುಕ್ಕಾಲು ಪಾಲನ್ನು ನಾನು ತಿಂದೆ. ಸುಮ್ಮನೆ ತಿನ್ನಲಿಲ್ಲ, ಚಪ್ಪಾಳೆ ನೆಂಚಿಕೊಂಡು ತಿಂದೆ.

ಇದಾಗಿ ಎರಡು ವರ್ಷವಾಗುತ್ತಾ ಬಂತು. ಇವತ್ತಿಗೂ ಯಾರಾದರೂ ಮೈಕಿನ ಮುಂದೆ ನಿಂತು "ಎರಡೇ ಎರಡು ಮಾತು" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಯಾರು ಎಂದು ಹೇಳಬೇಕು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಲೇತ್ ಆಪರೇಟರ್. ಸಂಜೆಯಾದರೆ ಗಣೇಶನ ಪೆಂಡಾಲು, ನಾಮಕರಣ, ಬಡಾವಣೆಯ ವಾರ್ಷಿಕೋತ್ಸವ, ಎಲ್ಲೆಂದರಲ್ಲಿ ಮಿಮಿಕ್ರಿ. ಕುಕ್ಕರಿನ ಕೂಗು, ಸಿಟಿ ಬಸ್ಸಿನ ಕಂಡಕ್ಟರು, ಕಡಲೆಕಾಯಿ ಮಾರುವವನು, ನಮ್ಮ ಶೆಡ್ಡಿನ ಓನರು ಬೈಯುವುದು, ಬೈದು ಕೆಮ್ಮುವುದು. ದಿನಕ್ಕೆ ಇಷ್ಟು ಜನರ ದನಿ ತೆಗೆಯುವುದರಿಂದ ನನ್ನ ಸ್ವಂತ ದನಿ ಯಾವುದು ಎಂದು ನನ್ನ ಅಮ್ಮನಿಗೇ ಅನುಮಾನ. ನಾನು ನಿಜವಾಗಿ ಜ್ವರ ಬಂದು ನರಳಿದರೂ "ಯಾರದ್ದೋ ಇದು?" ಎಂದು ಕೇಳುತ್ತಾಳೆ.

ತುರ್ತು ಪರಿಸ್ಥಿತಿ ಮುಗಿದ ಮಾರನೆಯ ವರ್ಷ ನಮ್ಮ ಸಂಘ ರಷ್ಯಾ ಪ್ರವಾಸವೊಂದನ್ನು ಹೊಂದಿಸಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಹದಿನಾಲ್ಕು ಜನ. ಮೇಷ್ಟ್ರುಗಳು, ಆಫೀಸಿನವರು, ಒಬ್ಬರು ಬಟ್ಟೆ ಅಂಗಡಿಯವರು. ಹದಿನೈದನೆಯವನು ನಾನು. ತಂಡ ಅಂದಮೇಲೆ ಒಂದು ಸಾಂಸ್ಕೃತಿಕ ಕಾರ್ಯಕ್ರಮ ಇರಬೇಕು ಎಂದು ಯಾರೋ ಹೇಳಿದ್ದರಂತೆ. ಭರತನಾಟ್ಯದ ಹುಡುಗಿಯ ಮನೆಯವರು ಕಳಿಸಲು ಒಪ್ಪಲಿಲ್ಲ. ಹಾಗಾಗಿ ಸಂಸ್ಕೃತಿ ನಾನಾದೆ.

ಮಾಸ್ಕೋ ಹೇಗೂ ನೋಡಬೇಕು, ಅದರ ಜೊತೆಗೆ ಇನ್ನೊಂದು ಊರನ್ನು ನಾವೇ ಆರಿಸಿಕೊಳ್ಳಬಹುದು ಎಂದು ಪಟ್ಟಿ ಬಂದಿತ್ತು. ಕಾರ್ಯದರ್ಶಿಗಳು ತಾಷ್ಕೆಂಟ್ ಅಂದರು. ಅಲ್ಲಿ ಅನ್ನ ಸಿಗುತ್ತದೆ ಎಂಬುದು ಅವರ ಒಂದೇ ವಾದ. ಆಗ ಸಭೆಯ ಹಿಂದಿನ ಬೆಂಚಿನಿಂದ, ಕ್ಲಾಸಿನ ಹುಡುಗಿಯ ಹಾಗೆ ಕೈ ಎತ್ತಿ, ನನ್ನ ಮಿಸ್ಸು "ತಾಲಿನ್" ಅಂದರು.

"ಅದೆಲ್ಲಿದೆ ಮೇಡಂ?" ಎಂದರು ಕಾರ್ಯದರ್ಶಿಗಳು.

"ಬಾಲ್ಟಿಕ್ ಸಮುದ್ರದ ದಡದಲ್ಲಿ ಸಾರ್. ಎಸ್ತೋನಿಯಾದ ರಾಜಧಾನಿ, ಅದೂ ಸೋವಿಯತ್ ಒಳಗೇ ಬರುತ್ತೆ. ಆರೇಳು ನೂರು ವರ್ಷದ ಕೋಟೆ ಊರು. ಗೋಡೆ, ಗೋಪುರ ಎಲ್ಲ ಇನ್ನೂ ಹಾಗೇ ಇದಾವಂತೆ."

"ಸಮುದ್ರ ನೋಡೋಕೆ ಅಷ್ಟು ದೂರ ಯಾಕೆ? ಮದ್ರಾಸಲ್ಲಿ ಇಲ್ವಾ?"

"ಮದ್ರಾಸಿಂದು ನೋಡಿದೀನಿ ಸಾರ್. ಉಪ್ಪು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಮಾತಿನ ಬೇರು ಎಲ್ಲಿದೆ ಎಂದು ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗಿನ ಮಾತು. ಮಿಸ್ಸು ಯೂರೋಪಿನ ನಕ್ಷೆಯನ್ನು ಕಪ್ಪು ಹಲಗೆಯ ಮೇಲೆ ತೂಗುಹಾಕಿ, ಬೆತ್ತದ ತುದಿಯಿಂದ ಟಕ್ ಟಕ್ ಎಂದು ಎರಡು ಸಲ ಕುಟ್ಟಿ, "ಇದು ಬಾಲ್ಟಿಕ್. ಇದರ ನೀರು ಬೇರೆ ಸಮುದ್ರದಷ್ಟು ಉಪ್ಪಲ್ಲ. ಯಾಕೆ? ಬಂದು ಸೇರೋ ನದಿಗಳು ಜಾಸ್ತಿ, ಬಿಸಿಲು ಕಮ್ಮಿ" ಅಂದರು. ನಾನು ಎದ್ದು ನಿಂತು, ಮುಖವನ್ನು ಆದಷ್ಟು ಪಾಪದ ಹುಡುಗನ ಹಾಗೆ ಮಾಡಿಕೊಂಡು ಕೇಳಿದೆ: "ಮಿಸ್, ನೀವು ನೆಕ್ಕಿ ನೋಡಿದೀರಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಬೆತ್ತ ನನ್ನ ಕಡೆ ಬರುತ್ತದೆ ಎಂದು ಕೈ ಚಾಚಿಕೊಂಡೇ ನಿಂತಿದ್ದೆ. ಬರಲಿಲ್ಲ. ಮಿಸ್ಸು ಬೆತ್ತವನ್ನು ಮೇಜಿನ ಮೇಲೆ ಇಟ್ಟರು.

"ಇಲ್ಲ ಕಣೋ. ನೆಕ್ಕಿ ನೋಡಿಲ್ಲ. ಹದಿನೇಳು ವರ್ಷದಿಂದ ನೋಡ್ದೆನೇ ಹೇಳ್ತಾ ಇದೀನಿ."

ಆ ದಿನದಿಂದ ಅವರು ಪ್ರತಿ ವರ್ಷ ಆ ಪಾಠ ಬಂದಾಗ "ಹೀಗಂತ ಪುಸ್ತಕದಲ್ಲಿದೆ" ಎಂದು ಸೇರಿಸಿ ಹೇಳುತ್ತಿದ್ದರಂತೆ. ನನ್ನ ಹಿಂದೆ ಓದಿದ ಹುಡುಗರು ಹೇಳಿದ್ದು. ಪ್ರವಾಸದ ಮುಂದಿನ ಮಾರ್ಚಿಗೆ ಅವರಿಗೆ ರಿಟೈರ್‌ಮೆಂಟು. ಹೊರಡುವ ಮುಂಚೆ, ದೆಹಲಿಯ ವಿಮಾನ ನಿಲ್ದಾಣದಲ್ಲಿ, ಕೈಚೀಲದಿಂದ ಒಂದು ಶೀಶೆ ತೆಗೆದು ತೋರಿಸಿದರು. ಕೆಮ್ಮಿನ ಔಷಧಿಯದು, ಚೀಟಿ ಕಿತ್ತು, ಕುದಿಯುವ ನೀರಿನಲ್ಲಿ ತೊಳೆದದ್ದು.

"ಮೊದಲು ನಾನು ನೆಕ್ಕಿ ನೋಡ್ತೀನಿ. ಆಮೇಲೆ ಇದರಲ್ಲಿ ತುಂಬ್ಕೊಂಡು ಬಂದು ಕೊನೇ ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಹನಿ. ಇನ್ನು ಯಾವನೂ ನನ್ನ ಆ ಪ್ರಶ್ನೆ ಕೇಳಬಾರದು, ತಿಳೀತಾ?"

"ನಾನು ಕೇಳಿದ್ದು ತಮಾಷೆಗೆ ಮಿಸ್."

"ನೀನು ತಮಾಷೆಗೆ ಕೇಳಿದ್ದೆ. ನನಗೆ ಅದು ಇನ್‌ಸ್ಪೆಕ್ಷನ್ ಆಯ್ತು."

ಹೀಗೆ ಅವರನ್ನು ಅಲ್ಲಿಗೆ ಕರೆತಂದವನೂ ನಾನೇ. ಬಾಗಿಲಲ್ಲಿ ತಡೆದವನೂ ನಾನೇ.

ಮಾಸ್ಕೋದ ಬಗ್ಗೆ ನಾನು ಬರೆಯುವುದಿಲ್ಲ. ಅದನ್ನು ನಮ್ಮ ಕಾರ್ಯದರ್ಶಿಗಳು ಸ್ಲೈಡು ಹಾಕಿ ಮೂರು ಬಡಾವಣೆಗೂ ತೋರಿಸಿದ್ದಾರೆ. ಅಲ್ಲಿಂದ ಒಂದು ರಾತ್ರಿ ರೈಲಿನಲ್ಲಿ ಮಲಗಿ ಎದ್ದರೆ ತಾಲಿನ್. ಬಂದ ದಿನವೇ ರಾತ್ರಿ ವಾಪಸ್ ರೈಲು. ನಮಗಿದ್ದದ್ದು ಒಂದು ಹಗಲು. ಸೆಪ್ಟೆಂಬರ್ ತಿಂಗಳು, ಆದರೂ ಚಳಿ ಮೂಗನ್ನು ಕತ್ತರಿಸುತ್ತಿತ್ತು. ನಾವು ಹದಿನೈದು ಜನ ಮಂಕಿ ಟೋಪಿ ಹಾಕಿಕೊಂಡು ಸ್ಟೇಷನ್ನಿನ ಮುಂದೆ ಸಾಲಾಗಿ ನಿಂತರೆ ಬ್ಯಾಂಕ್ ದರೋಡೆಗೆ ಬಂದವರ ಹಾಗೆ ಕಾಣುತ್ತಿದ್ದೆವು.

ನಮ್ಮನ್ನು ಸುತ್ತಿಸಲು ಬಂದಿದ್ದ ಗೈಡ್ ಇನ್ನೂ ಇಪ್ಪತ್ತೈದು ದಾಟದ ಹುಡುಗಿ. ಪುಸ್ತಕದಲ್ಲಿ ಕಲಿತ ಇಂಗ್ಲಿಷು, ಒಂದೊಂದು ಶಬ್ದವನ್ನೂ ತಟ್ಟೆಯಲ್ಲಿಟ್ಟು ಕೊಡುವ ಹಾಗೆ ಮಾತಾಡುತ್ತಿದ್ದಳು. ಕೈಯಲ್ಲಿ ಟೈಪ್ ಮಾಡಿದ ಒಂದು ಹಾಳೆ. ಅದನ್ನು ಅವಳು "ಪ್ರೋಗ್ರಾಮ್" ಎಂದು ಕರೆಯುತ್ತಿದ್ದಳು, ನಾವು ದೇವರ ಹೆಸರು ಹೇಳುವ ಹಾಗೆ. ಮಿಸ್ಸು ಮೊದಲು ಕೇಳಿದ್ದೇ ಸಮುದ್ರದ ಬಗ್ಗೆ. ಹುಡುಗಿ ಹಾಳೆ ನೋಡಿದಳು. ಅದರಲ್ಲಿ ಸಮುದ್ರವಿರಲಿಲ್ಲ. ಮಿಸ್ಸು ಕೈಚೀಲದಿಂದ ಶೀಶೆ ತೆಗೆದು, ತಮ್ಮ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದರು. ಕ್ಲಾಸು, ನಕ್ಷೆ, ಉಪ್ಪು, ನಾನು. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಂದು ಅಂಗಡಿಯೊಳಗೆ ಹೋಗಿ ಎಲ್ಲೆಲ್ಲಿಗೋ ಫೋನು ಮಾಡಿ ಬಂದಳು. ಅಲ್ಲಿ ದಡದುದ್ದಕ್ಕೂ ಗಡಿ ಕಾವಲಿನವರಿದ್ದರು. ವಿದೇಶಿಯರು ಬೇಕಾದ ಕಡೆ, ಬೇಕಾದ ಹೊತ್ತಿಗೆ ನೀರಿಗೆ ಇಳಿಯುವ ಹಾಗಿರಲಿಲ್ಲ. ಊರಾಚೆಯ ಮರಳಿನ ದಡಕ್ಕೆ, ಸಂಜೆ ಐದರ ಒಳಗೆ ಹೋಗಿಬರಲು ಅವಳು ಒಪ್ಪಿಗೆ ತಂದಿದ್ದಳು. ಎರಡರಿಂದ ಮೂರು ಚಹಾ ಕೂಟ. ಮೂರರಿಂದ ಐದು ಸಮುದ್ರ. ಹಾಳೆಯ ಕೆಳಗೆ ಅವಳು ಪೆನ್ಸಿಲಿನಲ್ಲಿ ಬರೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ಊರು ಚೆನ್ನಾಗಿತ್ತು. ಸಿಟ್ಟಿನಲ್ಲಿ ಅದನ್ನು ಹೇಳದೆ ಬಿಟ್ಟರೆ ಆ ಊರಿಗೆ ಅನ್ಯಾಯ. ಕಲ್ಲು ಹಾಸಿದ ಬೀದಿಗಳು, ಎಷ್ಟು ಇಕ್ಕಟ್ಟೆಂದರೆ ನಮ್ಮ ಬಟ್ಟೆ ಅಂಗಡಿಯವರು ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿತ್ತು. ದುಂಡನೆಯ ಗೋಪುರಗಳ ತಲೆಯ ಮೇಲೆ ಕೆಂಪು ಹೆಂಚಿನ ಚೂಪು ಟೋಪಿ. ಚೌಕದಲ್ಲಿ ಹಳೆಯ ಟೌನ್ ಹಾಲು, ಅದರ ಎದುರಿಗೆ ನೂರಾರು ವರ್ಷದಿಂದ ಬಾಗಿಲು ಮುಚ್ಚದ ಒಂದು ಔಷಧಿ ಅಂಗಡಿ. ಇಷ್ಟು ಹಳೆಯ ಊರಿನಲ್ಲಿ ಜನ ತರಕಾರಿ ಚೀಲ ಹಿಡಿದು ಕ್ಯೂ ನಿಂತಿದ್ದರು. ನಮ್ಮನ್ನು ನೋಡಿ ಯಾರೂ ನಗಲಿಲ್ಲ, ಯಾರೂ ಮಾತಾಡಿಸಲಿಲ್ಲ. ಗುಡ್ಡದ ಮೇಲಿನ ಊರಿಗೆ ಹತ್ತಿ, ಒಂದು ಕಟಕಟೆಯ ಹತ್ತಿರ ನಿಂತರೆ ಕೆಳಗೆ ಕೆಂಪು ಹೆಂಚುಗಳು. ಹೆಂಚುಗಳ ಆಚೆ ಬೂದಿ ಬಣ್ಣದ ಒಂದು ಗೀಟು.

ಮಿಸ್ಸು ಆ ಗೀಟನ್ನು ಬೆರಳಿನಿಂದ ತೋರಿಸಿ, "ಅದೇ" ಅಂದರು. ಅಷ್ಟೇ.

ಕಾರ್ಯದರ್ಶಿಗಳು ಅವರ ಮುಂದೆ ಬಂದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, "ಒಂದು ಫೋಟೋ ಹೊಡಿಯಪ್ಪ, ಹಿಂದುಗಡೆ ಸಮುದ್ರ ಬರಲಿ" ಎಂದು ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟರು. ಹೊಡೆದೆ. ಆ ಫೋಟೋ ಮುಂದೆ ಬರುತ್ತದೆ, ನೆನಪಿರಲಿ.

ಈಗ ಸನ್ಮಾನದ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘದಲ್ಲಿ ಯಾವ ಕೆಲಸವೂ ಸನ್ಮಾನವಿಲ್ಲದೆ ಮುಗಿಯುವುದಿಲ್ಲ. ಒಮ್ಮೆ ಬೀದಿದೀಪ ಸರಿಮಾಡಲು ಬಂದ ಲೈನ್‌ಮ್ಯಾನನ್ನು ಏಣಿಯ ಬುಡದಲ್ಲೇ ಹಿಡಿದು ಶಾಲು ಹೊದಿಸಿ, ನಲವತ್ತು ನಿಮಿಷ ಭಾಷಣ ಮಾಡಿದ್ದರು. ಪಾಪ ಅವನು ಪಕ್ಕದ ಬೀದಿಗೆ ಹೋಗುವಷ್ಟರಲ್ಲಿ ಕತ್ತಲಾಗಿ, ಅಲ್ಲಿಯ ದೀಪ ಸರಿಮಾಡದೆ ಹೋದ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಮಾಲಾರ್ಪಣೆ, ಅಧ್ಯಕ್ಷ ಭಾಷಣ, ವಂದನಾರ್ಪಣೆ. ಇದರಲ್ಲಿ ಒಂದನ್ನು ಬಿಟ್ಟರೂ ಸಭೆ ಸಭೆಯಲ್ಲ. ಕಾರ್ಯದರ್ಶಿಗಳ ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆ ಇರಲಿಲ್ಲ ಸ್ವಾಮಿ! ಐದು ಶಾಲು, ಮೂರು ಮೈಸೂರು ಪೇಟ, ಒಂದು ಕಟ್ಟು ಗಂಧದ ಹಾರ. ಒಂದೇ ಪ್ಯಾಂಟಿನಲ್ಲಿ ಪ್ರವಾಸ ಮುಗಿಸಿದ ಮಹಾನುಭಾವರು ಅವರು.

ಚಹಾ ಕೂಟ ಇದ್ದದ್ದು ಹಳೆಯ ಊರಿನ ಒಂದು ಕಮಾನಿನ ಕೋಣೆಯಲ್ಲಿ. ಅಲ್ಲಿನ ಭಾರತ-ಸೋವಿಯತ್ ಸ್ನೇಹಕೂಟದವರು ಮೂವರು ಬಂದಿದ್ದರು. ಒಬ್ಬರು ಬಿಳಿ ಕೂದಲಿನ ಯಜಮಾನರು, ಒಬ್ಬ ಹೆಂಗಸು, ಒಬ್ಬ ಕನ್ನಡಕದವನು. ಕಪ್ಪು ರೊಟ್ಟಿ, ಚಹಾ, ಸೇಬಿನ ಹಣ್ಣಿನ ಕಡುಬಿನಂಥದ್ದು. ನಮ್ಮವರು ಕಪ್ಪು ರೊಟ್ಟಿಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದು ಮುಗಿಸಿದಾಗ ಎರಡೂವರೆ. ಯಜಮಾನರು ಎರಡು ವಾಕ್ಯದಲ್ಲಿ ಸ್ವಾಗತ ಹೇಳಿ ಕೂತರು. ಗೈಡ್ ಹುಡುಗಿ ಕೋಟು ಎತ್ತಿಕೊಂಡಳು. ಮಿಸ್ಸು ಅಷ್ಟರಲ್ಲೇ ಕೋಟು ಹಾಕಿ ಶಾಲು ಸುತ್ತಿ ತಯಾರಾಗಿದ್ದರು.

ಕಾರ್ಯದರ್ಶಿಗಳು ಎದ್ದು ನಿಂತರು. "ಎರಡೇ ಎರಡು ಮಾತು ಹೇಳಿ ನನ್ನ ಸ್ಥಾನ ಗ್ರಹಿಸ್ತೀನಿ."

ಮೊದಲು ತಂಡದಲ್ಲೇ ಇದ್ದ ಅವರ ಮನೆಯವರಿಂದ ಪ್ರಾರ್ಥನೆ, ಮೂರು ನುಡಿ. ಆಮೇಲೆ ಸ್ವಾಗತ. ಇವರು ಕನ್ನಡದ ಠೀವಿಯ ಇಂಗ್ಲಿಷಿನಲ್ಲಿ ಹೇಳುವುದು, ಹುಡುಗಿ ಅದನ್ನು ತನ್ನ ಭಾಷೆಗೆ ತಿರುಗಿಸುವುದು. ಒಂದು ಭಾಷಣವನ್ನು ಎರಡು ಸಲ ಕೇಳುವ ಶಿಕ್ಷೆ ನನಗೆ ಗೊತ್ತಾದದ್ದು ಆವತ್ತು. "ಕರ್ನಾಟಕ ರಾಜ್ಯದ ಭವ್ಯ ಪರಂಪರೆ" ಎಂದು ಇವರು ಸುರುಮಾಡಿದರೆ, ಅವಳು ಉಸಿರು ತೆಗೆದುಕೊಂಡು ಏನೋ ನಾಲ್ಕೇ ಶಬ್ದ ಹೇಳುತ್ತಿದ್ದಳು. ಇವರಿಗೆ ತೃಪ್ತಿಯಾಗುತ್ತಿರಲಿಲ್ಲ. "ಫುಲ್ ಆಗಿ ಹೇಳಮ್ಮ, ಫುಲ್ ಆಗಿ" ಎಂದು ಕನ್ನಡದಲ್ಲೇ ಗದರುತ್ತಿದ್ದರು.

ಅತಿಥಿಗಳ ಪರಿಚಯದ ಸರದಿ ಬಂತು. ಅತಿಥಿಗಳ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಅದಕ್ಕೇನಂತೆ? ಅವರನ್ನೇ ಎಬ್ಬಿಸಿ ನಿಲ್ಲಿಸಿ ಕೇಳಿದರು. ಹುಟ್ಟಿದ ಊರು? ಮಕ್ಕಳೆಷ್ಟು? ತಂದೆ ಏನು ಮಾಡುತ್ತಿದ್ದರು? ಆ ಕೊನೆಯ ಪ್ರಶ್ನೆಗೆ ಬಿಳಿ ಕೂದಲಿನ ಯಜಮಾನರು ಕಿಟಕಿಯ ಕಡೆ ನೋಡಿದರು. ಹುಡುಗಿ ಅವರನ್ನು ಕೇಳಲೇ ಇಲ್ಲ. ತಾನೇ "ಅವರ ತಂದೆ ತಂದೆಯಾಗಿದ್ದರು" ಎಂದು ಹೇಳಿ ಮುಗಿಸಿದಳು. ನಮ್ಮ ಕಾರ್ಯದರ್ಶಿಗಳು ತಲೆಯಾಡಿಸಿ ಅದನ್ನೂ ಬರೆದುಕೊಂಡರು.

ಮಿಸ್ಸು ಒಮ್ಮೆ ಮೆಲ್ಲಗೆ, "ಸಾರ್, ಮೂರೂಕಾಲು" ಅಂದರು.

"ಆಯ್ತು ಮೇಡಂ, ಆಯ್ತು. ಸಮುದ್ರ ಎಲ್ಲಿಗೂ ಓಡಿಹೋಗಲ್ಲ."

ಪೇಟ, ಶಾಲು, ಹಾರ. ಯಜಮಾನರಿಗೆ ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯಿತು; ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವರು ಕಾರ್ಯದರ್ಶಿಗಳೇ ಮಾಡಿದ ಅಧ್ಯಕ್ಷ ಭಾಷಣ ಪೂರ್ತಿ ಕೇಳಿದರು. ಕೊನೆಗೆ ವಂದನಾರ್ಪಣೆಗೆ ಬಟ್ಟೆ ಅಂಗಡಿಯವರು ಎದ್ದರು. ಹತ್ತು ವರ್ಷದಿಂದ ಬಡಾವಣೆಯ ಎಲ್ಲ ಸಭೆಗಳಲ್ಲೂ ಅವರದೇ ವಂದನಾರ್ಪಣೆ, ಬಾಯಿಪಾಠ. ಅತಿಥಿಗಳಿಗೆ ವಂದನೆ, ಅಧ್ಯಕ್ಷರಿಗೆ ವಂದನೆ, ತಾಯಂದಿರಿಗೆ ವಂದನೆ. ಆಮೇಲೆ ಕಣ್ಣು ಮುಚ್ಚಿಕೊಂಡು, "ಶಾಮಿಯಾನ ಮತ್ತು ಧ್ವನಿವರ್ಧಕ ಒದಗಿಸಿದವರಿಗೂ" ವಂದನೆ ಹೇಳಿದರು. ತಲೆಯ ಮೇಲೆ ಐನೂರು ವರ್ಷದ ಕಲ್ಲಿನ ಕಮಾನಿತ್ತು. ಮೈಕು ಇರಲೇ ಇಲ್ಲ. ಹುಡುಗಿ ಶಾಮಿಯಾನ ಎಂದರೇನು ಎಂದು ಕೇಳಿದಳು. ಅದನ್ನು ವಿವರಿಸಲು ಐದು ನಿಮಿಷ ಹಿಡಿಯಿತು. ಗಂಟೆ ನಾಲ್ಕು.

ಇನ್ನೂ ಒಂದು ಗಂಟೆ ಇತ್ತು. ಆಗಲೂ ಹೊರಟಿದ್ದರೆ ದಡದಲ್ಲಿ ಇಪ್ಪತ್ತು ನಿಮಿಷ ಸಿಗುತ್ತಿತ್ತು. ಒಂದು ಹನಿಗೆ ಇಪ್ಪತ್ತು ನಿಮಿಷ ಏಕೆ, ಅರ್ಧ ನಿಮಿಷ ಸಾಕು.

"ನಮ್ಮ ಹುಡುಗ ಐದು ನಿಮಿಷ ಮಿಮಿಕ್ರಿ ಮಾಡ್ತಾನೆ" ಎಂದರು ಕಾರ್ಯದರ್ಶಿಗಳು. ನಾನು ಮಿಸ್ಸಿನ ಕಡೆ ನೋಡಿದೆ. ಅವರು ಐದು ಬೆರಳು ತೋರಿಸಿದರು. ಐದೇ ನಿಮಿಷ, ಎಂದು.

ರೈಲು ಮಾಡಿದೆ, ಕುಕ್ಕರ್ ಮಾಡಿದೆ. ಸಪ್ಪೆ. ಅಲ್ಲಿ ಯಾರ ಮನೆಯಲ್ಲೂ ನಮ್ಮ ಹಾಗೆ ಕುಕ್ಕರ್ ಕೂಗುವುದಿಲ್ಲ ಎಂದು ಕಾಣುತ್ತದೆ. ಇಲ್ಲಿಗೆ ನಿಲ್ಲಿಸಿ ಇಳಿಯಬೇಕಿತ್ತು. ಆದರೆ ಸಪ್ಪೆಯಾದ ಮೇಲೆ ಇಳಿಯುವ ಜಾತಿಯಲ್ಲ ನಾನು. ಬೆಳಗಿನಿಂದ ಕೋಟೆ ಗೋಡೆಯ ಮೇಲೆ ಕಡಲ ಹಕ್ಕಿಯೊಂದು ಬೈಯುತ್ತಾ ಕೂತಿತ್ತು, ಅದರ ದನಿ ತೆಗೆದೆ. ಕನ್ನಡಕದವನು ಕಿಟಕಿಯಿಂದಾಚೆ ತಿರುಗಿ ನೋಡಿದ! ಆಮೇಲೆ ಆ ಊರಿನ ಟ್ರಾಮು ತಿರುವಿನಲ್ಲಿ ಕಿರುಚುವುದು. ಆಮೇಲೆ ಗೈಡ್ ಹುಡುಗಿ, "ದಿಸ್ ಈಸ್ ಟವರ್. ದಿಸ್ ಆಲ್ಸೋ ಈಸ್ ಟವರ್." ಅವಳೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಿಳಿ ಕೂದಲಿನ ಯಜಮಾನರು, ಬೆಳಗಿನಿಂದ ಆ ಊರಿನಲ್ಲಿ ನಾನು ನೋಡಿದ ಮುಖಗಳಲ್ಲೆಲ್ಲ ಬಿಗಿಯಾದ ಮುಖ ಅವರದು, ಪೇಟ ತೆಗೆದಿಟ್ಟು ಕಣ್ಣೊರೆಸಿಕೊಂಡು ನಗತೊಡಗಿದರು. ಇನ್ನೊಂದು, ಇನ್ನೊಂದು ಎಂದು ಕೈ ಆಡಿಸಿದರು.

ಆ ನಗು ಇದೆಯಲ್ಲ, ಅದು ಸಿಹಿ. ನನಗೆ ಊರು ಮರೆತುಹೋಯಿತು, ಹೊತ್ತು ಮರೆತುಹೋಯಿತು. ಕಾರ್ಯದರ್ಶಿಗಳ ಭಾಷಣವನ್ನು ಎರಡು ಭಾಷೆಯಲ್ಲಿ ಮಾಡಿದೆ, ನನಗೆ ಬಾರದ ಆ ಎರಡನೆಯ ಭಾಷೆಯನ್ನೂ ಸೇರಿಸಿ. ಕೋಣೆ ಎದ್ದು ಬಿದ್ದು ನಕ್ಕಿತು. ನೋಡುತ್ತೇನೆ, ಹಿಂದೆ ಬಾಗಿಲ ಹತ್ತಿರ ಮಿಸ್ಸು ಎದ್ದು ನಿಂತಿದ್ದಾರೆ. ಕೈಯಲ್ಲಿ ಶೀಶೆ. ಇನ್ನೊಂದು ಕೈಯ ಬೆರಳಿನಿಂದ ತಮ್ಮ ಗಡಿಯಾರವನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದಾರೆ.

ನಾನು ಮಾಡಿದ್ದೇನು ಗೊತ್ತೇ? ಅದನ್ನೂ ಮಾಡಿ ತೋರಿಸಿದೆ. ಟಕ್ ಟಕ್. ಬೆತ್ತ, ನಕ್ಷೆ, ಮೂಗಿನ ಮೇಲೆ ಜಾರುವ ಕನ್ನಡಕ, "ಇದು ಬಾಲ್ಟಿಕ್, ಇದರ ನೀರು ಉಪ್ಪಲ್ಲ." ನಮ್ಮ ಹದಿಮೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸ್ಸು ನಿಂತದ್ದು ನನ್ನನ್ನು ಚೆನ್ನಾಗಿ ನೋಡಲು ಎಂದು ನಾನು ತಿಳಿದಿದ್ದೆ. ನಿಜವಾಗಿಯೂ ಹಾಗೇ ತಿಳಿದಿದ್ದೆ. ನನ್ನಂಥ ಕತ್ತೆ ಬೆಂಗಳೂರಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇಳಿದಾಗ ನಾಲ್ಕೂಮುಕ್ಕಾಲು. ಹೊರಗೆ ಡ್ರೈವರು ಬಸ್ಸಿನ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. ಹುಡುಗಿ ಅವನ ಹತ್ತಿರ ಮಾತಾಡಿದಳು, ಅವನು ತಲೆ ಅಲ್ಲಾಡಿಸಿದ. ಮತ್ತೆ ಮಾತಾಡಿದಳು, ಈ ಸಲ ಜೋರಾಗಿ. ಅವನು ಸಿಗರೇಟನ್ನು ಹೊಸಕಿ ಎದ್ದು ನಿಂತು ಗಡಿಯಾರ ತೋರಿಸಿದ. ಅವಳು ನಮ್ಮ ಕಡೆ ತಿರುಗಿದಳು. ಮಿಸ್ಸನ್ನು ನೋಡದೆ, ಹಾಳೆಯನ್ನು ನೋಡುತ್ತಾ ಹೇಳಿದಳು.

"ಸೀ ಈಸ್ ಕ್ಲೋಸ್ಡ್."

"ಅಯ್ಯೋ ಶಿವನೇ, ಸಮುದ್ರಕ್ಕೂ ಬಾಗಿಲು ಹಾಕ್ತಾರಾ!" ಎಂದು ಕಾರ್ಯದರ್ಶಿಗಳು ನಕ್ಕರು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಅವಳು ಆ ಒಪ್ಪಿಗೆಗೆ ಯಾರ್ಯಾರ ಕೈಕಾಲು ಹಿಡಿದಿದ್ದಳೋ, ಅದನ್ನು ಕೇಳುವ ಬುದ್ಧಿಯೂ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಪೆನ್ಸಿಲಿನಲ್ಲಿ ಬರೆದ ಸಾಲನ್ನು ಅವಳು ರಬ್ಬರಿನಿಂದ ಅಳಿಸಿದಳು. ಉಳಿದ ಹೊತ್ತಿಗೆ ಉಣ್ಣೆ ಬಟ್ಟೆಯ ಅಂಗಡಿಗೆ ಕರೆದುಕೊಂಡು ಹೋದಳು. ನಮ್ಮವರು ಕೈಗವಸಿಗೆ ಮುಗಿಬಿದ್ದರು.

ಮಿಸ್ಸು ಬಸ್ಸಿನಿಂದ ಇಳಿಯಲಿಲ್ಲ. ನಾನೂ ಇಳಿಯಲಿಲ್ಲ.

"ಮಿಸ್..."

"ಯಾರ ದನಿ ಇದು?"

"ನಂದೇ ಮಿಸ್."

"ಹಾಗಾದ್ರೆ ಸುಮ್ನಿರು."

ರಾತ್ರಿ ರೈಲಿನಲ್ಲಿ ಕಾರ್ಯದರ್ಶಿಗಳು ಸಮಾಧಾನ ಹೇಳಲು ಬಂದರು. ಅವರ ಸಮಾಧಾನ ಹೀಗಿತ್ತು: "ನೀರು ನೀರೇ ಮೇಡಂ. ಈ ರೈಲಿನ ನಲ್ಲಿ ನೀರು ಹಿಡ್ಕೊಳ್ಳಿ, ಒಂದು ಚಿಟಿಕೆ ಉಪ್ಪು ಹಾಕಿ. ಮಕ್ಕಳಿಗೆ ಏನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ ಸಾರ್" ಎಂದು ಮಿಸ್ಸು ಶೀಶೆಯನ್ನು ಕೈಚೀಲದ ಒಳಕ್ಕೆ ಇಟ್ಟರು. ನನಗೆ ಆ ಮನುಷ್ಯನನ್ನು ರೈಲಿನಿಂದ ಹೊರಕ್ಕೆ ಎಸೆಯಬೇಕೆನಿಸಿತು. ಎಸೆದರೆ ಜೊತೆಗೆ ನಾನೂ ಹಾರಬೇಕಾಗುತ್ತಿತ್ತು. ಅದಕ್ಕೆ ಮೇಲಿನ ಬರ್ತಿನಲ್ಲಿ ಮುಖ ಮುಚ್ಚಿಕೊಂಡು ಮಲಗಿದೆ.

ಊರಿಗೆ ಬಂದ ಮೇಲೆ ಒಂದು ತಿಂಗಳು ನಾನು ಎಲ್ಲೂ ಮಿಮಿಕ್ರಿ ಮಾಡಲಿಲ್ಲ. ಲೇತಿನ ಮೇಲೆ ಕಬ್ಬಿಣ ಕೊರೆಯುತ್ತಾ ಮನಸ್ಸಿನಲ್ಲಿ ಕಾರ್ಯದರ್ಶಿಗಳನ್ನು ಕೊರೆಯುತ್ತಿದ್ದೆ. ಅವರೋ, ಆರಾಮವಾಗಿ ಸ್ಲೈಡು ಮಾಡಿಸುತ್ತಿದ್ದರು. ರಾಜಾಜಿನಗರದ ಒಂದು ಸಭಾಂಗಣದಲ್ಲಿ ನಮ್ಮ ಹದಿನೈದು ಜನಕ್ಕೂ ಸನ್ಮಾನ ಎಂದು ಕರಪತ್ರ ಹಂಚಿದರು. ಹೌದು, ಮತ್ತೆ ಸನ್ಮಾನ. ಈ ಸಲ ಬಾಗಿಲ ಮುಂದೆ ನಿಜವಾದ ಶಾಮಿಯಾನ, ಒಳಗೆ ನಿಜವಾದ ಧ್ವನಿವರ್ಧಕ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅರ್ಧಕ್ಕರ್ಧ ಜನ ಮಿಸ್ಸಿನ ಹತ್ತಿರ ಓದಿದವರು.

ದೀಪ ಆರಿಸಿ ಸ್ಲೈಡು ಹಾಕಿದರು. ಮಾಸ್ಕೋ ಆಯಿತು. ತಾಲಿನ್ನಿನ ಗೋಪುರಗಳಾದವು. ಆಮೇಲೆ, ನಾನೇ ಹೊಡೆದ ಆ ಫೋಟೋ ಗೋಡೆಯ ತುಂಬ ಬಂತು. ಕೋಟಿನ ಗುಂಡಿ ಹಾಕಿದ ಕಾರ್ಯದರ್ಶಿಗಳು, ಅವರ ಕಿವಿಯ ಹತ್ತಿರ ಬೂದಿ ಬಣ್ಣದ ಒಂದು ಗೀಟು. ಅವರ ಹೆಗಲಿನ ಪಕ್ಕ ಮಿಸ್ಸಿನ ಅರ್ಧ ಮುಖ, ಚಾಚಿದ ಬೆರಳು.

"ಇದೇ ಬಾಲ್ಟಿಕ್ ಸಮುದ್ರ!" ಎಂದರು ಕಾರ್ಯದರ್ಶಿಗಳು ಮೈಕಿನಲ್ಲಿ. "ಇದರ ದಡದಲ್ಲಿ ನಿಂತು ನಾವೆಲ್ಲ ಕಾಲು ತೊಳ್ಕೊಂಡ್ವಿ. ಏನು ತಣ್ಣಗಿತ್ತು ಅಂತೀರಿ! ನಮ್ಮ ಭೂಗೋಳದ ಮೇಡಂ ಇಲ್ಲೇ ಇದಾರೆ. ಮೇಡಂ, ಎದ್ದು ಹೇಳಿ, ಉಪ್ಪಿತ್ತೋ ಇಲ್ವೋ?"

ದೀಪ ಹತ್ತಿತು. ಎರಡನೆಯ ಸಾಲಿನಲ್ಲಿದ್ದ ಮಿಸ್ಸು ಕುರ್ಚಿಯ ಕೈ ಹಿಡಿದು ಏಳುತ್ತಿದ್ದರು. ಅಷ್ಟರೊಳಗೆ ನಾನು ಎದ್ದುಬಿಟ್ಟೆ. ಒಂದು ತಿಂಗಳ ಸಿಟ್ಟು ತಡೆಯಲಾಗಲಿಲ್ಲ. ವೇದಿಕೆಗೆ ಹಾರಿ ಇನ್ನೊಂದು ಮೈಕು ಹಿಡಿದು, ಕಾರ್ಯದರ್ಶಿಗಳ ದನಿಯಲ್ಲೇ, ಅವರು ಗಂಟಲು ಸರಿಮಾಡಿಕೊಳ್ಳುವ ರೀತಿಯಲ್ಲೇ ಸುರುಮಾಡಿದೆ: "ಎರಡೇ ಎರಡು ಮಾತು ಹೇಳಿ ಸಮುದ್ರಕ್ಕೆ ಬಾಗಿಲು ಹಾಕ್ತೀನಿ! ಸೀ ಈಸ್ ಕ್ಲೋಸ್ಡ್! ಫುಲ್ ಆಗಿ ಹೇಳಮ್ಮ, ಫುಲ್ ಆಗಿ!"

ಸಭೆ ಒಂದೇ ಸಲ ನಕ್ಕಿತು.

"ಲೋ, ಇಳಿಯೋ ಕೆಳಗೆ! ಲೋಫರ್ ನನ್ಮಗನೆ!" ಕಾರ್ಯದರ್ಶಿಗಳ ಮುಖ ಕೆಂಪಾಗಿತ್ತು.

"ತಾವು ಸ್ಥಾನ ಗ್ರಹಿಸಿ ಸಾರ್!" ಎಂದೆ, ಅವರ ದನಿಯಲ್ಲೇ.

"ನಿನ್ನ ಕರ್ಕೊಂಡು ಹೋಗಿದ್ದೇ ತಪ್ಪು ಕಣೋ!"

"ಶಾಮಿಯಾನ ಒದಗಿಸಿದವರಿಗೆ ವಂದನೆ!"

ಸೀಟಿ ಹೊಡೆದರು, ಕುರ್ಚಿ ಬಡಿದರು. ಒನ್ಸ್ ಮೋರ್ ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಮಿಸ್ಸಿಗಾಗಿ ಹೊಡೆದಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ಆ 'ಒನ್ಸ್ ಮೋರ್' ಕಿವಿಗೆ ಬಿದ್ದೊಡನೆ ನಾಲಗೆಯ ಮೇಲೆ ಮತ್ತೆ ಅದೇ ಸಿಹಿ ಬಂತು. ಮುಂದಿನದಕ್ಕೆ ಉಸಿರು ಎಳೆದುಕೊಂಡೆ.

ಟಕ್ ಟಕ್.

ಮಿಸ್ಸು ಎದ್ದು ನಿಂತೇ ಇದ್ದರು. ಎಷ್ಟು ಹೊತ್ತಿನಿಂದಲೋ. ಯಾರೂ ಗಮನಿಸಿರಲಿಲ್ಲ. ಕೈಯಲ್ಲಿದ್ದ ಕೊಡೆಯ ತುದಿಯಿಂದ ಮುಂದಿನ ಕುರ್ಚಿಯ ಬೆನ್ನನ್ನು ಕುಟ್ಟಿದ್ದರು. ಅವರ ಹತ್ತಿರ ಓದಿದವರೆಲ್ಲ ತಟ್ಟನೆ ಸುಮ್ಮನಾದರು. ಓದದವರು ಅವರನ್ನು ನೋಡಿ ಸುಮ್ಮನಾದರು. ಮಿಸ್ಸು ಮೊದಲು ಕಾರ್ಯದರ್ಶಿಗಳನ್ನು ನೋಡಿದರು, ಆಮೇಲೆ ನನ್ನನ್ನು. ಮೈಕು ಬೇಕಾಗಲಿಲ್ಲ.

"ಉಪ್ಪಿತ್ತೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೂ ನೀವಿಬ್ರೂ ನನಗೆ ಜಾಗ ಬಿಡಲಿಲ್ಲ. ಇಬ್ರೂ ಕೂತ್ಕೊಳ್ಳಿ."